ಒಂದೇ ಸಲ ಬೇಡ ಅಂದರೆ ತಟ್ಟೆ ಎತ್ತುವ ಊರಿನಲ್ಲಿ ಕ್ರಿಸ್‌ಮಸ್

ಇಳಿದ ಕೂಡಲೇ

ಐರ್ಲೆಂಡ್ ದೇಶ ನನ್ನನ್ನು ಕೇಳಿದ ಮೊದಲನೆಯ ಪ್ರಶ್ನೆ, ಬ್ಯಾಗಿನಲ್ಲಿ ಹಾಲಿನ ಪದಾರ್ಥ ಏನಾದರೂ ಇದೆಯೇ ಎಂದು. ಶ್ರೀನಿವಾಸಪುರದ ಕಡೆಯ ಸರ್ಕಾರಿ ಶಾಲೆಗಳಲ್ಲಿ ಜೀವಮಾನವೆಲ್ಲ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಪಾಠ ಮಾಡಿ ನಿವೃತ್ತಳಾದವಳು ನಾನು. ಇದೆ ಅಂದುಬಿಟ್ಟೆ. ನಮ್ಮ ಮನೆಯ ಹಸುವಿನ ತುಪ್ಪ, ಮಗಳಿಗೆಂದು ನಾನೇ ಕಾಯಿಸಿದ್ದು, ಸ್ಟೀಲ್ ಡಬ್ಬಿಗೆ ಬಟ್ಟೆ ಕಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಯಜಮಾನರ ಹಳೇ ಪಂಚೆ ಸುತ್ತಿ ತಂದದ್ದು. ಅಧಿಕಾರಿ ಆ ಪಂಚೆಯನ್ನು ಬಿಚ್ಚಿದ ಮರ್ಯಾದೆ ನೋಡಬೇಕಿತ್ತು, ದೇವರ ವಿಗ್ರಹ ಇದೆಯೇನೋ ಅನ್ನುವ ಹಾಗೆ. ಆಮೇಲೆ, ಇದನ್ನು ಎಸೆಯಬೇಕಾಗುತ್ತದೆ, ಪರವಾಗಿಲ್ಲವೇ ಎಂದು ನನ್ನನ್ನೇ ಕೇಳಿದ. ಬೇಡ ಅಂದೆ. ಎಸೆದ.

ಆ ದೇಶದಲ್ಲಿ ನನ್ನ ಬೇಡಕ್ಕೆ ಬೆಲೆ ಸಿಗದೇ ಹೋದದ್ದು ಅದೊಂದೇ ಸಲ. ಮಿಕ್ಕೆಲ್ಲ ಕಡೆಯೂ ಸಿಕ್ಕಿತು. ಅದೇ ನನ್ನ ಗ್ರಹಚಾರ.

ನಾನು ಯಾಕೆ ಹೋದೆ ಅನ್ನುವುದನ್ನು ಹೇಳಬೇಕು. ನಮ್ಮ ಮಗಳು ರೂಪ ಅಲ್ಲೊಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸು. ಅಳಿಯ ಚಂದ್ರು ಮುಳಬಾಗಿಲಿನವನು, ಅಲ್ಲಿ ಔಷಧಿ ಗೋದಾಮಿನಲ್ಲಿ ರಾತ್ರಿ ಪಾಳಿ. ಎರಡನೇ ಕ್ಲಾಸು ಓದುವ ಮೊಮ್ಮಗಳು ಅನು. ದೀಪಾವಳಿ ಕಳೆದ ಮೇಲೆ ರೂಪ ಫೋನು ಮಾಡಿ, "ಅಮ್ಮ, ನೀನು ಜೀವನದಲ್ಲಿ ಒಂದ್ಸಲನಾದ್ರೂ ಇಲ್ಲಿನ ಕ್ರಿಸ್‌ಮಸ್ ನೋಡ್ಬೇಕು ಕಣಮ್ಮ. ಟಿಕೆಟ್ ತೆಗ್ದಾಯ್ತು" ಅಂದಳು. ಎಂಥಾ ಮಗಳು, ತಾಯಿಗೆ ದೇಶ ತೋರಿಸಬೇಕು ಅಂತ ಎಷ್ಟು ಆಸೆ ಎಂದು ನಮ್ಮೂರು ವಕ್ಕಲೇರಿಯಲ್ಲೆಲ್ಲ ಹೇಳಿಕೊಂಡು ಓಡಾಡಿದೆ. ಕ್ರಿಸ್‌ಮಸ್‌ಗೆ ಶಾಲೆಗೆ ರಜ, ಆಸ್ಪತ್ರೆಗೆ ರಜವಿಲ್ಲ, ಮಗುವನ್ನು ನೋಡಿಕೊಳ್ಳಲು ಜನವಿಲ್ಲ ಅನ್ನುವುದು ಅಲ್ಲಿ ಇಳಿದ ಮಾರನೇ ದಿನ ಬೆಳಗ್ಗೆ ಗೊತ್ತಾಯಿತು. ಹಗಲು ರೂಪ ಡ್ಯೂಟಿಗೆ ಹೋಗಿ, ಚಂದ್ರು ಮಲಗಿದ ಮೇಲೆ ಮನೆಯಲ್ಲಿ ಉಳಿದವರು ನಾನು, ಅನು, ಕ್ರಿಸ್‌ಮಸ್ಸು.

ನನ್ನದೊಂದೇ ಷರತ್ತು ಇತ್ತು. ಸಂಕ್ರಾಂತಿಗೆ ಮುಂಚೆ ನಾನು ಊರಲ್ಲಿರಬೇಕು. ನಮ್ಮ ಕಿರೀ ಹಸು ಕೆಂಪಿಗೆ ಚೊಚ್ಚಲು, ಸಂಕ್ರಾಂತಿಯ ಆಸುಪಾಸಿನಲ್ಲಿ ಕರು ಹಾಕಬೇಕು. ಕೆಂಪಿ ತಾಯಿ ಸತ್ತ ಕರು. ನನ್ನ ಬೆರಳು ಚೀಪಿಕೊಂಡೇ ಬೋಗುಣಿಯಲ್ಲಿ ಹಾಲು ಕುಡಿಯಲು ಕಲಿತದ್ದು. ಯಜಮಾನರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಕಾಲು ಎತ್ತುತ್ತದೆ. ನಾನಿಲ್ಲದಿದ್ದರೆ ಅದರ ಗತಿ ಏನು ಅನ್ನುವುದೇ ನನ್ನ ತಲೆಯಲ್ಲಿ.

"ಆಯ್ತಮ್ಮ, ಆಯ್ತು, ನಿನ್ನ ಕೆಂಪಿಗಿಂತ ಮುಂಚೆ ನಾನ್ ಹುಟ್ಟಿದ್ದು, ಅದನ್ನೂ ಜ್ಞಾಪಕ ಇಟ್ಕೊ" ಅಂದಿದ್ದಳು ರೂಪ.

ಮಗಳ ಮನೆ

ಅಲ್ಲಿ ಡಿಸೆಂಬರಿನಲ್ಲಿ ಸೂರ್ಯ ಸರ್ಕಾರಿ ನೌಕರ. ತಡವಾಗಿ ಬರುತ್ತಾನೆ, ಬಂದಿದ್ದಾನೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ, ಮಕ್ಕಳು ಸಂಜೆ ಹಾಲು ಕುಡಿಯುವ ಹೊತ್ತಿಗೆ ಹೊರಟುಹೋಗಿರುತ್ತಾನೆ. ಧನುರ್ಮಾಸ ಅಂತ ಬೆಳಗ್ಗೆ ಎದ್ದು ಬಾಗಿಲಿಗೆ ರಂಗೋಲಿ ಹಾಕಿದರೆ, ನಾನು ಒಳಗೆ ಹೋಗಿ ಕಾಫಿ ಇಡುವಷ್ಟರಲ್ಲಿ ಮಳೆ ಬಂದು ತೊಳೆದಿರುತ್ತಿತ್ತು. ಮಳೆ ಅಂದರೆ ನಮ್ಮ ಕೋಲಾರದ ಮಳೆಯ ಹಾಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅನ್ನುವ ಸ್ವಾಭಿಮಾನದ್ದಲ್ಲ. ಸುಮ್ಮನೆ ಜೊಲ್ಲು ಸುರಿಸಿದ ಹಾಗೆ ಇಡೀ ದಿನ. ನಮ್ಮ ಕೆರೆಗಳ ಮೇಲೆ ಒಂದು ವಾರ ಇದನ್ನು ಬಿಡಬಾರದೇ ದೇವರೇ ಅಂತ ಕಿಟಕಿಯಲ್ಲಿ ನಿಂತು ಬೈಯುತ್ತಿದ್ದೆ.

ಮನೆಯೊಳಗೆ ಮಗಳು ಬರುವಾಗ ಅಳಿಯ ಹೊರಡುತ್ತಾನೆ. ಬಾಗಿಲಲ್ಲಿ ಇಬ್ಬರೂ ಒಂದು ಮಾತಾಡುತ್ತಾರೆ, ಅದು ಕಸದ ಡಬ್ಬಿಯ ವಿಷಯ. ಹಸಿರು ಡಬ್ಬಿ ಯಾವತ್ತು, ಕಂದು ಡಬ್ಬಿ ಯಾವತ್ತು. ನನಗೆ ಅರ್ಥವಾದ ಮಟ್ಟಿಗೆ ಇಬ್ಬರ ಸಂಸಾರ ನಿಂತಿರುವುದೇ ಆ ಡಬ್ಬಿಗಳ ಮೇಲೆ. ಮೂವರೂ ಒಟ್ಟಿಗೆ ಕೂತು ಊಟ ಮಾಡಿದ್ದನ್ನು ಕ್ರಿಸ್‌ಮಸ್‌ಗೆ ಮುಂಚೆ ನಾನು ಒಂದು ದಿನವೂ ನೋಡಲಿಲ್ಲ. ಆದರೆ ಕ್ರಿಸ್‌ಮಸ್ ಮರಕ್ಕೆ ಮಾತ್ರ ಯಾವುದಕ್ಕೂ ಕಡಿಮೆಯಿರಲಿಲ್ಲ. ಹಾಲ್‌ನ ಮೂಲೆಯಲ್ಲಿ ಪ್ಲಾಸ್ಟಿಕ್ ಮರ, ಅದರ ಪಕ್ಕದ ಗೂಡಿನಲ್ಲಿ ಗಣೇಶ. ಚಂದ್ರು ಡ್ಯೂಟಿಯಿಂದ ಬಂದು ಸ್ನಾನ ಮಾಡಿ ಗಣೇಶನಿಗೆ ಊದುಬತ್ತಿ ಬೆಳಗಿ, ಅದೇ ಕೈಯಲ್ಲಿ ಮರಕ್ಕೂ ಒಂದು ಸುತ್ತು ಬೆಳಗುತ್ತಿದ್ದ.

"ಅದ್ಯಾಕಪ್ಪ ಅದಕ್ಕೆ?" ಅಂದೆ.

"ಇರ್ಲಿ ಅತ್ತೆ, ಪಾಪ, ಅದೂ ಮನೇಲೇ ಇದ್ಯಲ್ಲ" ಅಂದ.

ಹಬ್ಬದ ಹಿಂದಿನ ಸಂಜೆ ಅನು ಒಂದು ತಟ್ಟೆಯಲ್ಲಿ ಒಂದು ಕ್ಯಾರೆಟ್, ಒಂದು ಲೋಟ ಹಾಲು ಇಟ್ಟಳು. ಹಾಲು ಸಾಂತಾ ತಾತನಿಗೆ, ಕ್ಯಾರೆಟ್ಟು ಅವನ ಗಾಡಿ ಎಳೆಯುವ ಸಾರಂಗಕ್ಕೆ. ಒಂದೇ ಕ್ಯಾರೆಟ್ಟು! ದನಕರು ಸಾಕಿದ ಜೀವ ಸುಮ್ಮನಿರುತ್ತದೆಯೇ? "ಲೇ ಅನು, ಪ್ರಪಂಚವೆಲ್ಲ ಸುತ್ತಿ ಬರೋ ಪ್ರಾಣಿಗೆ ಒಂದು ಕ್ಯಾರೆಟ್ ಯಾವ ಮೂಲೆಗೆ ಕಣೇ?" ಅಂದೆ. ಅವಳಿಗೂ ಸರಿಯೆನಿಸಿತು. ಫ್ರಿಜ್ಜಿನಲ್ಲಿದ್ದ ಪೂರ್ತಿ ಚೀಲವನ್ನು ಸುರಿದಳು. ಬೆಳಗ್ಗೆ ಡ್ಯೂಟಿ ಮುಗಿಸಿ ಬಂದ ಚಂದ್ರು, ಮಗು ಏಳುವುದರೊಳಗೆ, ಸಾರಂಗ ತಿಂದ ಗುರುತಿಗೆ ಒಂದೊಂದನ್ನೂ ಕಚ್ಚಿ ಕಚ್ಚಿ ಇಡಬೇಕಾಯಿತು. "ಅತ್ತೆ, ಮುಂದಿನ್ ವರ್ಷ ಸಾಂತಾ ನಡ್ಕೊಂಡೇ ಬರ್ಲಿ" ಎಂದು ದವಡೆ ಹಿಡಿದುಕೊಂಡು ಮಲಗಿದ.

ಪಕ್ಕದ ಮನೆ, ಹಬ್ಬದ ಮಧ್ಯಾಹ್ನ

ಪಕ್ಕದ ಮನೆಯ ಮಾರ್ಗರೆಟ್ ನನ್ನ ವಯಸ್ಸಿನವಳು. ಗಂಡ ತೀರಿಕೊಂಡಿದ್ದಾನೆ, ಒಂದು ನಾಯಿ ಇದೆ. ನಾಯಿಗೂ ಊಟಕ್ಕೆ ಮುಂಚೆ "ತಿನ್ನುತ್ತೀಯಾ?" ಎಂದು ಕೇಳಿಯೇ ಹಾಕುವವಳು. ಹಬ್ಬದ ದಿನ ರೂಪಾಗೆ ಡ್ಯೂಟಿ, ಚಂದ್ರುವಿಗೆ ನಿದ್ದೆ. ಹಾಗಾಗಿ ನನ್ನನ್ನೂ ಅನುವನ್ನೂ ಮಾರ್ಗರೆಟ್ ಊಟಕ್ಕೆ ಕರೆದಳು. ಕರೆಯುವಾಗಲೇ ಏನು ತಿನ್ನುತ್ತೀರಿ, ಏನು ತಿನ್ನುವುದಿಲ್ಲ, ಎಷ್ಟು ಹೊತ್ತಿಗೆ ತಿನ್ನುತ್ತೀರಿ, ಖಾರ ಇಲ್ಲದಿದ್ದರೆ ಪರವಾಗಿಲ್ಲವೇ ಎಂದು ಪೊಲೀಸ್ ಸ್ಟೇಷನ್ನಿನಲ್ಲಿ ಕೇಳುವ ಹಾಗೆ ಕೇಳಿದಳು. ನಮ್ಮ ಕಡೆ ಹೀಗೆ ಕೇಳಿದರೆ ಕರೆದವರಿಗೆ ಮನಸ್ಸಿಲ್ಲ ಅಂತಲೇ ಲೆಕ್ಕ.

ಟೇಬಲ್ಲಿನ ತುಂಬ ಅಡುಗೆ. ಅವಳ ತಂಗಿ, ತಂಗಿಯ ಗಂಡ ಆಗಲೇ ಕೂತಿದ್ದರು. ಆಲೂಗಡ್ಡೆ ಬೇಯಿಸಿದ್ದು, ಹುರಿದದ್ದು, ಕಿವಿಚಿದ್ದು. ಆ ಜನಕ್ಕೆ ಆಲೂಗಡ್ಡೆಯ ಮೇಲಿರುವ ನಂಬಿಕೆ ನಮಗೆ ರಾಗಿಯ ಮೇಲಿರುವಷ್ಟೇ. ನಡುವೆ ಒಂದು ಟರ್ಕಿ ಕೋಳಿ, ನಮ್ಮೂರ ಕೋಳಿಗಳ ಮುಂದೆ ಕಂಟ್ರಾಕ್ಟರ್ ಇದ್ದ ಹಾಗಿತ್ತು. ಹಬ್ಬದ ಪದ್ಧತಿಯೆಂದು ಎಲ್ಲರ ತಲೆಗೂ ಒಂದೊಂದು ಕಾಗದದ ಕಿರೀಟ. ನನಗೆ ನೇರಳೆ ಬಣ್ಣದ್ದು.

ಮಾರ್ಗರೆಟ್ ಆಲೂಗಡ್ಡೆಯ ಬೋಗುಣಿ ಹಿಡಿದು, "ಬೇಕಾ?" ಅಂದಳು.

"ಬೇಡ ಬೇಡ" ಅಂದೆ.

ಇದನ್ನು ಬಿಡಿಸಿ ಹೇಳುವ ಅಗತ್ಯ ನಮ್ಮವರಿಗಿಲ್ಲ. ಮೊದಲನೇ ಬೇಡ ಮರ್ಯಾದೆಗೆ. ಎರಡನೆಯದು ನಾಚಿಕೆಗೆ. ಮೂರನೆಯದಕ್ಕೆ ತಟ್ಟೆಗೆ ಕೈ ಅಡ್ಡ ಇಡಬೇಕು, ಆಗಷ್ಟೇ ಬಡಿಸುವವರು ಯೋಚನೆ ಮಾಡುತ್ತಾರೆ. ಅಡ್ಡ ಇಟ್ಟ ಕೈಯ ಬೆರಳ ಸಂದಿಯಲ್ಲೇ ಸಾರು ಬಿಡುವ ಗಟ್ಟಿಗಿತ್ತಿಯರು ನಮ್ಮೂರಿನಲ್ಲಿದ್ದಾರೆ. ಇಲ್ಲಿ ನನ್ನ ಮೊದಲನೇ ಬೇಡ ಇನ್ನೂ ಗಾಳಿಯಲ್ಲಿರುವಾಗಲೇ ಬೋಗುಣಿ ಮುಂದಕ್ಕೆ ಹೋಯಿತು. ಹುರಿದದ್ದು ಬಂತು. ಬೇಡ ಅಂದೆ, ಹೋಯಿತು. ಕೋಳಿ ಬಂತು. ಈ ಸಲ ಒತ್ತಾಯ ಮಾಡುತ್ತಾರೆ ಅಂದುಕೊಂಡು ಸ್ವಲ್ಪ ಮೆಲ್ಲಗೆ, ಎಳೆದು ಎಳೆದು ಬೇಡ ಅಂದೆ. ಅದೂ ಹೋಯಿತು. ಕಡೆಗೆ ಬಂದ ಪಾತ್ರೆಯನ್ನು ನೋಡದೆಯೇ ಗಾಬರಿಯಲ್ಲಿ ಯೆಸ್ ಅಂದೆ. ಅದರಲ್ಲಿದ್ದದ್ದು ನಿಂಬೆಕಾಯಿ ಗಾತ್ರದ ಎಲೆಕೋಸು. ನಮ್ಮ ಹೊಲದಲ್ಲಿ ಆ ಗಾತ್ರಕ್ಕೆ ಕೋಸು ನಿಂತುಹೋದರೆ ಗೊಬ್ಬರದ ಅಂಗಡಿಯವನ ಜೊತೆ ಜಗಳಕ್ಕೆ ಹೋಗುತ್ತೇವೆ. ಅಂಥ ಮೂರು ಬಿದ್ದವು.

ತಲೆಯ ಮೇಲೆ ಕಿರೀಟ, ತಟ್ಟೆಯಲ್ಲಿ ಮೂರು ಕೋಸು. ಮಹಾರಾಣಿಯ ಹಾಗೆ ಕೂತಿದ್ದೆ. ಪಕ್ಕದಲ್ಲಿ ಅನು ಎಲ್ಲದಕ್ಕೂ ಯೆಸ್ ಪ್ಲೀಸ್ ಅಂದು ತಟ್ಟೆಯನ್ನು ಗುಡ್ಡ ಮಾಡಿಕೊಂಡಿದ್ದಳು.

"ಅಜ್ಜಿ, ಬೇಕಿದ್ರೆ ಬೇಕು ಅನ್ಬೇಕು" ಅಂದಳು ಬಾಯಿತುಂಬ ಕೋಳಿ ಇಟ್ಟುಕೊಂಡು.

"ಮುಚ್ಕೊಂಡು ತಿನ್ನೇ" ಅಂದೆ.

ಮನೆಗೆ ಬಂದು ಫ್ರಿಜ್ಜಿನಲ್ಲಿದ್ದ ತಣ್ಣನೆ ಮುದ್ದೆಯನ್ನು ನಿಂತುಕೊಂಡೇ ನುಂಗಿದೆ. ಸಂಜೆ ಮಾರ್ಗರೆಟ್ ಹೊಟ್ಟೆ ನೋವಿನ ಮಾತ್ರೆ ತಂದುಕೊಟ್ಟಳು. ಪಾಪ, ಊಟ ಸೇರಲಿಲ್ಲವಲ್ಲ, ಹುಷಾರಿಲ್ಲವೇನೋ ಅಂದುಕೊಂಡಿದ್ದಳು. ತಗೋಳ್ತೀರಾ ಎಂದು ಕೇಳಿದಳು. ಬೇಡ ಅಂದೆ. ತಕ್ಷಣ ಜೇಬಿಗೆ ಹಾಕಿಕೊಂಡಳು.

ನಮ್ಮ ಸರದಿ

ಸೇಡು ತೀರಿಸಿಕೊಳ್ಳದೆ ಬಿಡುವ ಜಾತಿಯಲ್ಲ ನಾನು. ಎರಡು ದಿನ ಬಿಟ್ಟು ರೂಪಾಗೆ ರಜ ಸಿಕ್ಕಿತು. ಮಾರ್ಗರೆಟ್ಟನ್ನು ಊಟಕ್ಕೆ ಕರೆ ಅಂದೆ. ಇಂಡಿಯನ್ ಅಂಗಡಿಯಲ್ಲಿ ಯಾವುದೋ ಗುಜರಾತಿ ಹೆಸರಿನಲ್ಲಿ ಹೆಪ್ಪುಗಟ್ಟಿ ಮಲಗಿದ್ದ ಅವರೆಕಾಳು ಸಿಕ್ಕಿತು. ಡಿಸೆಂಬರಿನಲ್ಲಿ ಅವರೆಕಾಯಿಯ ಸೊಗಡು ಇಲ್ಲದ ಮನೆ ಮನೆಯೇ ಅಲ್ಲ. ನೆನೆಸಿಟ್ಟು ನಾನು, ರೂಪ, ಅನು ಮೂವರೂ ನೆಲದ ಮೇಲೆ ಕೂತು ಸಿಪ್ಪೆ ಹಿತಕಿದೆವು. ಅನು ಹಿತಕಿದ್ದು ಅರ್ಧ ಪಾತ್ರೆಗೆ, ಅರ್ಧ ಕ್ರಿಸ್‌ಮಸ್ ಮರಕ್ಕೆ. ನಿದ್ದೆಯಿಂದ ಎದ್ದು ಬಂದ ಚಂದ್ರುವೂ ಕೂತ. ಆ ಮನೆಯಲ್ಲಿ ನಾಲ್ಕು ಜನ ಒಂದೇ ಕಡೆ ಕೂತದ್ದು ಅವತ್ತೇ. ಕಸದ ಡಬ್ಬಿಯ ಮಾತೇ ಬರಲಿಲ್ಲ.

ಹಿತಕಿದ ಬೇಳೆ ಸಾರು, ಮುದ್ದೆ. ಮಾರ್ಗರೆಟ್ ಕೂತಳು. ನಾನು ಏನೂ ಕೇಳಲಿಲ್ಲ. ಹಾಕಿದೆ. ಅವಳು ತಿಂದಳು. ಖಾಲಿಯಾಯಿತು, ಮತ್ತೆ ಹಾಕಿದೆ. "ನೋ, ಥ್ಯಾಂಕ್ಯೂ" ಅಂದಳು. ಮರ್ಯಾದಸ್ಥ ಹೆಂಗಸು ಎಂದು ಮೆಚ್ಚಿಕೊಂಡು ಇನ್ನೊಂದು ಸೌಟು ಹಾಕಿದೆ. ತಟ್ಟೆಯಲ್ಲಿ ಏನೂ ಬಿಡಬಾರದು ಅಂತ ಅವಳಿಗೆ ಅವರಮ್ಮ ಕಲಿಸಿದ್ದಾಳೆ. ಖಾಲಿ ತಟ್ಟೆ ಕಂಡರೆ ಬಡಿಸಬೇಕು ಅಂತ ನನಗೆ ನಮ್ಮಮ್ಮ ಕಲಿಸಿದ್ದಾಳೆ. ಇಬ್ಬರು ಅಮ್ಮಂದಿರೂ ಈಗ ಇಲ್ಲ, ನಿಲ್ಲಿಸುವವರು ಯಾರು? ಅವಳ ಮುಖ ಟೊಮೇಟೊ ಬಣ್ಣಕ್ಕೆ ತಿರುಗಿತು. ಕಡೆಗೆ ಅವಳಾಗಿಯೇ ಎರಡೂ ಕೈಯನ್ನು ತಟ್ಟೆಯ ಮೇಲೆ ಅಡ್ಡ ಇಟ್ಟಳು. ಯಾರೂ ಹೇಳಿಕೊಡದೆ ಬಂದ ವಿದ್ಯೆ! ನನಗಂತೂ ಅವಳನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು.

"ಇವರು ಕೇಳುವುದೇ ಇಲ್ಲವಲ್ಲ?" ಎಂದು ಮಾರ್ಗರೆಟ್ ಉಸಿರು ಬಿಡುತ್ತ ರೂಪಾಳನ್ನು ಕೇಳಿದಳು.

ನಾನು ದೊಡ್ಡದಾಗಿ ಒಂದು ಭಾಷಣ ಮಾಡಿದೆ. ನಮ್ಮಲ್ಲಿ ಕೇಳುವುದು ಅಂದರೆ ದೂರದವರು ಅಂತ. ನಮ್ಮವರನ್ನು ಕೇಳುವುದಿಲ್ಲ. ಅವರಿಗೆ ಏನು ಬೇಕು ಅಂತ ನಮಗೇ ಗೊತ್ತಿರುತ್ತೆ, ಮಾಡಿಬಿಡುತ್ತೇವೆ. ರೂಪ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು, ಹೇಳುವಾಗ ಅವಳ ಮುಖದಲ್ಲೂ ಒಂದು ಹೆಮ್ಮೆ ಇತ್ತು.

"ಗೊತ್ತಿರದೇ ಇದ್ದರೆ?" ಅಂದಳು ಮಾರ್ಗರೆಟ್.

"ಗೊತ್ತಿರುತ್ತೆ" ಅಂದೆ. ಅವಳಿಗೆ ಮಜ್ಜಿಗೆ ಸುರಿದೆ.

ಅವತ್ತು ವೀಡಿಯೊ ಕಾಲಿನಲ್ಲಿ ಯಜಮಾನರು ಕೊಟ್ಟಿಗೆ ತೋರಿಸಿದರು. "ನೋಡೇ, ಕೆಚ್ಚಲು ತುಂಬ್ಕೊಂತಾ ಇದೆ. ಹತ್ರ ಹೋದ್ರೆ ಕೊಂಬು ಆಡಿಸ್ತದೆ. ನಿಂಗೇ ಕಾಯ್ತಾ ಇರೋ ಹಂಗಿದೆ" ಅಂದರು. ಕೆಂಪಿ ಫೋನಿನೊಳಗೆ ಮೂತಿ ಇಟ್ಟಿತು. ನನಗೆ ಕ್ರಿಸ್‌ಮಸ್ಸೂ ಬೇಡ, ಐರ್ಲೆಂಡೂ ಬೇಡ, ಹೊರಟುಬಿಡೋಣ ಅನ್ನಿಸಿತು.

ಹೆಂಗಸರ ಕ್ರಿಸ್‌ಮಸ್

ಜನವರಿ ಆರರಂದು ಅಲ್ಲಿ ಇನ್ನೊಂದು ಹಬ್ಬ. ಹೆಂಗಸರ ಕ್ರಿಸ್‌ಮಸ್ ಅನ್ನುತ್ತಾರೆ. ಹಬ್ಬದುದ್ದಕ್ಕೂ ಬೇಯಿಸಿ ಬಡಿಸಿದ ಹೆಂಗಸರು ಅವತ್ತು ಕೈಕಟ್ಟಿ ಕೂರಬೇಕು, ಗಂಡಸರು ಮನೆಗೆಲಸ ಮಾಡಬೇಕು. ವರ್ಷಕ್ಕೆ ಒಂದು ದಿನ ಪಾತ್ರೆ ತೊಳೆಯುವುದಕ್ಕೆ ಗಂಡಸರು ಒಂದು ಹಬ್ಬವನ್ನೇ ಮಾಡಿಕೊಂಡಿದ್ದಾರೆ ಎಂದು ನನಗೆ ನಗು. ನಮ್ಮಲ್ಲಾದರೆ ಅದಕ್ಕೊಂದು ಮೆರವಣಿಗೆಯನ್ನೂ ತೆಗೆಯುತ್ತಿದ್ದರು. ಚಂದ್ರು ಏಪ್ರನ್ ಕಟ್ಟಿಕೊಂಡು, ಒಂದು ತಟ್ಟೆ ತೊಳೆದು ಮೂರು ಫೋಟೋ ತೆಗೆಸಿಕೊಂಡು, ಮುಳಬಾಗಿಲಿನ ತಾಯಿಗೆ ಕಳಿಸಿದ. ಆಕೆ ತೆಲುಗಿನಲ್ಲಿ ನನ್ನ ಮಗಳನ್ನು ಏನೆಂದಳೋ, ಚಂದ್ರು ನಮಗೆ ಕೇಳಗೊಡಲಿಲ್ಲ. ಫೋಟೋ ತೆಗೆಸಿಕೊಂಡ ತಟ್ಟೆಯನ್ನು ನಾನು ಮತ್ತೆ ತೊಳೆದೆ.

ಮಾರ್ಗರೆಟ್ ನನ್ನನ್ನೂ ರೂಪಾಳನ್ನೂ ಟೀ ಅಂಗಡಿಗೆ ಕರೆದುಕೊಂಡು ಹೋದಳು. ಕೇಕಿನ ತಟ್ಟೆ ಬಂತು. ಬೇಕಾ ಅಂದಳು. ಯೆಸ್ ಪ್ಲೀಸ್ ಅಂದೆ. ಆ ದೇಶದಲ್ಲಿ ಬದುಕುವುದನ್ನು ಅಷ್ಟರಲ್ಲಿ ಕಲಿತಿದ್ದೆ. ಮಾರ್ಗರೆಟ್ ನನ್ನ ಕೈ ಹಿಡಿದು, ನನಗೂ ಅರ್ಥವಾಗುವಷ್ಟು ನಿಧಾನವಾಗಿ ಹೇಳಿದಳು: ನೀವು ಮಾರ್ಚ್ ಕೊನೆಯವರೆಗೂ ಇಲ್ಲೇ ಇರುತ್ತೀರಂತೆ, ನನಗೆ ತುಂಬ ಸಂತೋಷ.

ನಾನು ರೂಪಾಳನ್ನು ನೋಡಿದೆ. ರೂಪ ಕೇಕನ್ನು ನೋಡಿದಳು.

"ಏನೇ ಇದು?"

"ಹೇಳೋಣ ಅಂತಿದ್ದೆ ಅಮ್ಮ. ಟಿಕೆಟ್ ಮುಂದಕ್ಕೆ ಹಾಕ್ಸಿದೀವಿ. ಅನೂನ ನೋಡ್ಕೋತಿದ್ದೋಳು ಬಿಟ್ಟೋದ್ಲು. ಬೇರೆಯವ್ರು ಸಿಗೋದು ಮಾರ್ಚ್ ಆಗುತ್ತೆ."

"ನನ್ನೊಂದ್ ಮಾತು ಕೇಳ್ಬಾರ್ದಾ?"

"ನೀನೇ ಅಲ್ವಾ ಹೇಳಿದ್ದು! ನಮ್ಮೋರನ್ನ ಕೇಳ್ಬಾರ್ದು, ಮಾಡ್ಬಿಡ್ಬೇಕು ಅಂತ. ನನ್ ಕೈಲೇ ಇಂಗ್ಲಿಷಲ್ಲಿ ಹೇಳ್ಸಿದ್ಯಲ್ಲ!"

"ಅದು ಸಾರಿಗೆ ಹೇಳಿದ್ದು ಕಣೇ! ಟಿಕೆಟ್ಟಿಗಲ್ಲ!" ನನ್ನ ದನಿ ಎಷ್ಟು ಏರಿತ್ತೆಂದರೆ ಪಕ್ಕದ ಟೇಬಲ್ಲಿನವರು ಚಮಚ ಕೆಳಗಿಟ್ಟರು. "ಕೆಂಪಿಗೆ ಯಾರೇ ಇದಾರೆ? ಅಲ್ಲಿ ನಿಮ್ಮಪ್ಪನ್ನ ಹತ್ರಾನೂ ಸೇರಿಸಲ್ಲ ಅದು!"

"ಕೆಂಪಿ, ಕೆಂಪಿ, ಕೆಂಪಿ! ನಂಗ್ಯಾರಮ್ಮ ಇದಾರೆ ಇಲ್ಲಿ?"

ಅವಳ ಕಣ್ಣಲ್ಲಿ ನೀರು ಬಂತು. ಸಿಟ್ಟಿನ ನೀರು. ನನ್ನದೂ ಅದೇ ಜಾತಿಯದು. ಕನ್ನಡ ಬಾರದ ಮಾರ್ಗರೆಟ್‌ಗೆ ಎಲ್ಲವೂ ಅರ್ಥವಾಯಿತು. ರೂಪಾಳ ಕಡೆ ತಿರುಗಿ ಅವಳು ಕೇಳಿದ್ದು ಒಂದೇ ಮಾತು: ನೀನು ಅಮ್ಮನನ್ನು ಕೇಳಲಿಲ್ಲವೇ? ರೂಪ ಇಲ್ಲವೆಂದು ತಲೆಯಾಡಿಸಿದಳು. ಮಾರ್ಗರೆಟ್ ನನ್ನ ಕಡೆ ನೋಡಿದಳು. ಗೊತ್ತಿರದೇ ಇದ್ದರೆ ಎಂದು ಕೇಳಿದ್ದ ಅದೇ ಮುಖ. ಮೈ ಉರಿಯಿತು. ನನ್ನ ಭಾಷಣ ನನಗೇ ತಿರುಗಿ ಬಡಿದಿತ್ತು, ಅದನ್ನು ನೋಡುವುದಕ್ಕೆ ಪಕ್ಕದಲ್ಲಿ ಸಾಕ್ಷಿ ಬೇರೆ.

ಮೂವರೂ ಮಳೆಯಲ್ಲಿ ನಡೆದು ಬಂದೆವು. ಮನೆಯಲ್ಲಿ ಚಂದ್ರು, ಅನು ಸೇರಿ ಕ್ರಿಸ್‌ಮಸ್ ಮರವನ್ನು ಬಿಚ್ಚಿ ಡಬ್ಬಕ್ಕೆ ತುಂಬುತ್ತಿದ್ದರು. ರೂಪ ಒದ್ದೆ ಕೋಟನ್ನು ಬಿಚ್ಚದೆಯೇ ನನ್ನ ಎದುರು ನಿಂತಳು. ಹುಟ್ಟಿದಾಗಿನಿಂದ ನನ್ನನ್ನು ಏನನ್ನೂ ಕೇಳಿ ಮಾಡಿದವಳಲ್ಲ. ನರ್ಸಿಂಗ್ ಸೇರಿದ್ದೂ ಫೀಸು ಕಟ್ಟಿದ ಮೇಲೆ ಗೊತ್ತಾದದ್ದು.

"ಅಮ್ಮ, ಮಾರ್ಚ್‌ವರ್ಗೂ ಇರ್ತೀಯಾ?" ಅಂದಳು.

"ಬೇಡ ಕಣೇ" ಅಂದೆ.

ನಿಜ ಹೇಳುತ್ತೇನೆ. ಆ ಬೇಡ ಮೊದಲನೆಯದು. ಮರ್ಯಾದೆಯದು. ಎರಡನೇ ಸಲ ಕೇಳಿದ್ದರೆ, ಏನೋಮ್ಮ, ನಿಮ್ಮಪ್ಪನ್ನ ಕೇಳ್ಬೇಕು ಅನ್ನುತ್ತಿದ್ದೆ. ಮೂರನೇ ಸಲ ಕೇಳಿ ಕೈ ಹಿಡಿದುಕೊಂಡಿದ್ದರೆ ಕೆಂಪಿಯನ್ನು ದೇವರ ಮೇಲೆ ಬಿಟ್ಟು ಕೂತುಬಿಡುತ್ತಿದ್ದೆನೋ ಏನೋ. ನಾನು ಕಾದೆ.

"ಸರಿ ಅಮ್ಮ" ಅಂದಳು. ಫೋನು ತೆಗೆದು ಟಿಕೆಟ್ ಬದಲಾಯಿಸಲು ಕೂತಳು.

ಅಷ್ಟೇ. ಬೋಗುಣಿ ಮುಂದಕ್ಕೆ ಹೋಯಿತು.

ವಕ್ಕಲೇರಿ

ಭೋಗಿಯ ಹಿಂದಿನ ದಿನ ಊರು ಮುಟ್ಟಿದೆ. ಚಪ್ಪಲಿ ಬಿಡದೆ ನೇರ ಕೊಟ್ಟಿಗೆಗೆ ಹೋದೆ. ಕೆಂಪಿಯ ಪಕ್ಕದಲ್ಲಿ ಒಂದು ಕೆಂದು ಕರು ನಿಂತಿತ್ತು. ನಾನು ಆಕಾಶದಲ್ಲಿ ಯಾವ ದೇಶದ ಮೇಲಿದ್ದೆನೋ, ಅಷ್ಟರಲ್ಲಿ ಮಹಾತಾಯಿ ಹಾಕಿಬಿಟ್ಟಿತ್ತು.

"ಏನೂ ತೊಂದ್ರೆ ಇಲ್ಲ, ಸುಸೂತ್ರ!" ಯಜಮಾನರಿಗೆ ಸಂಭ್ರಮ. "ಕಾಲೂ ಎತ್ಲಿಲ್ಲ, ಕೊಂಬೂ ಆಡಿಸ್ಲಿಲ್ಲ. ಹಾಲೂ ನಾನೇ ಕರೆದೆ. ಅಬ್ಬಬ್ಬ, ಎಂತಾ ಮಂಚಿ ಹಸು ಗೊತ್ತಾ!" ಖುಷಿ ಜಾಸ್ತಿಯಾದರೆ ಅವರ ಬಾಯಲ್ಲಿ ಒಳ್ಳೆಯದೂ ತೆಲುಗಿನ ಮಂಚಿಯಾಗುತ್ತದೆ.

ನಾನು ಕೈ ಚಾಚಿದೆ. ನನ್ನ ಬೆರಳು ಚೀಪಿ ಬೆಳೆದದ್ದು ನನ್ನನ್ನು ಒಮ್ಮೆ ಮೂಸಿ, ಯಾರೋ ಐರ್ಲೆಂಡಿನವರು ಅನ್ನುವ ಹಾಗೆ ಕರುವನ್ನು ನೆಕ್ಕುವುದಕ್ಕೆ ತಿರುಗಿತು. ಹೋಗಲಿ ಬಿಡು ಎಂದು ಒಳಗೆ ಬಂದೆ. ಹೋಗಲಿ ಬಿಡು ಅನ್ನುವುದು ಬಾಯಿಯ ಮಾತು. ಅಲ್ಲಿ ಇರು ಅಂದವಳನ್ನು ಬಿಟ್ಟು, ಇಲ್ಲಿ ನನ್ನ ಹಂಗೇ ಇಲ್ಲದವಳಿಗೋಸ್ಕರ ಓಡಿ ಬಂದಿದ್ದೆ.

ಮೊದಲ ಹಾಲಿನ ಗಿಣ್ಣನ್ನು ಯಜಮಾನರೇ ಬೇಯಿಸಿ ಎತ್ತಿಟ್ಟಿದ್ದರು. ಬೆಲ್ಲ ಜಾಸ್ತಿಯಾಗಿತ್ತು, ಏಲಕ್ಕಿ ಇರಲೇ ಇಲ್ಲ. ಒಂದು ತುಂಡು ಕತ್ತರಿಸಿ ನನ್ನ ತಟ್ಟೆಗೆ ಹಾಕಿ ಎದುರಿಗೆ ಕೂತರು.

"ರೂಪ ಇನ್ನಷ್ಟು ದಿನ ಇರು ಅನ್ಲಿಲ್ವಾ?"

"ಅಂದ್ಲು. ಬೇಡ ಅಂದೆ."

"ಎಷ್ಟ್ ಸಲ ಕೇಳಿದ್ಲು?"

"ಒಂದೇ ಸಲ."

ಅವರು ಇನ್ನೊಂದು ತುಂಡು ಕತ್ತರಿಸಿ ಹಾಕಿದರು.

"ಬೇಡಾರೀ."

ಇನ್ನೊಂದು ಹಾಕಿದರು.

"ಬೇಡ ಅಂದ್ನಲ್ಲ!"

ಮತ್ತೊಂದನ್ನು ಎತ್ತಿದರು. ತಟ್ಟೆಗೆ ಕೈ ಅಡ್ಡ ಇಟ್ಟೆ. ಪುಣ್ಯಾತ್ಮ, ಕೈಯ ಮೇಲೇ ಇಟ್ಟುಬಿಟ್ಟರು.